ಬ್ಯಾಟರಿ ಸಿಡಿಯುವುದೇಕೆ? ಬಿಸಿಲೂರಿನ ವಾಹನ ಮಾಲೀಕರು ತಿಳಿದಿರಬೇಕಾದದ್ದು

ಕಲಬುರಗಿಯಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳಲ್ಲಿ 42, 43 ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕೋಟೆಯ ಮುಂದೆ, ಸೂಪರ್ ಮಾರ್ಕೆಟ್ ಸುತ್ತಮುತ್ತ, ಶರಣಬಸವೇಶ್ವರ ಗುಡಿಯ ಬಯಲಲ್ಲಿ ನೆರಳಿಲ್ಲದೆ ನಿಂತ ಕಾರಿನ ಬಾನೆಟ್ಟಿನೊಳಗೆ ಶಾಖ ಇದಕ್ಕಿಂತ ಎಷ್ಟೋ ಹೆಚ್ಚು. ಆಗಷ್ಟೇ ಓಡಿ ಬಂದ ಎಂಜಿನ್ನಿನ ಮಗ್ಗುಲಲ್ಲಿ ಅದು 60 ಡಿಗ್ರಿಯನ್ನೂ ದಾಟುತ್ತದೆ. ಅಲ್ಲೇ ಕುಳಿತಿರುವ ಬ್ಯಾಟರಿ ನಮಗೆ ನೆನಪಾಗುವುದು ಸೆಲ್ಫ್ ಹೊಡೆದರೂ ಗಾಡಿ ಎದ್ದೇಳದ ದಿನ. ಆ ದಿನವೇ ಅವಸರ ಜಾಸ್ತಿ. ಸುತ್ತ ನಾಲ್ಕು ಜನ, ನಡುವೆ ಇಣುಕುವ ಒಂದೆರಡು ಮಕ್ಕಳು, ಯಾರದೋ ಕೈಯಲ್ಲಿ ಪಾನಾ, ಇನ್ಯಾರದೋ ಬಾಯಲ್ಲಿ ಬೀಡಿ. ಬ್ಯಾಟರಿ ಸಿಡಿದು ಕಣ್ಣಿಗೆ ಆ್ಯಸಿಡ್ ಹಾರುವುದು ಸಾಮಾನ್ಯವಾಗಿ ಇಂಥ ಗುಂಪಿನ ನಡುವೆಯೇ. ಇದನ್ನು ಪೂರಾ ತಪ್ಪಿಸಬಹುದು. ಏನು ನಡೆಯುತ್ತಿದೆ ಎಂದು ಗೊತ್ತಿದ್ದರೆ ಸಾಕು.

ಸಿಡಿಯುವುದು ಅನಿಲ

ಬ್ಯಾಟರಿಯಲ್ಲಿ ಸಿಡಿಯುವುದು ಆ್ಯಸಿಡ್ ಅಲ್ಲ, ಕರೆಂಟೂ ಅಲ್ಲ. ಒಳಗೆ ತುಂಬಿಕೊಂಡ ಅನಿಲ. ಕಾರಿನ 12 ವೋಲ್ಟ್ ಬ್ಯಾಟರಿಯೊಳಗೆ ಆರು ಕೋಶಗಳಿವೆ. ಒಂದೊಂದೂ 2 ವೋಲ್ಟಿಗಿಂತ ಕೊಂಚ ಹೆಚ್ಚು ಕೊಡುತ್ತದೆ. ಪ್ರತಿ ಕೋಶದಲ್ಲೂ ಸೀಸದ ಪ್ಲೇಟುಗಳು, ಅವು ಮುಳುಗುವಷ್ಟು ಸಲ್ಫ್ಯೂರಿಕ್ ಆಮ್ಲ ಬೆರೆತ ನೀರು. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ವಿಧಾನವೇ ಇಂದಿಗೂ ನಮ್ಮ ಕಾರು, ಟ್ರ್ಯಾಕ್ಟರ್, ಟಂಟಂ, ಮನೆಯ ಇನ್ವರ್ಟರ್ ಎಲ್ಲದರಲ್ಲೂ ನಡೆದಿದೆ.

ಬ್ಯಾಟರಿ ಚಾರ್ಜ್ ಆಗುವಾಗ ಒಳಬರುವ ಕರೆಂಟು ಪ್ಲೇಟುಗಳನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಆ ಕೆಲಸ ಮುಗಿದ ಮೇಲೂ ಕರೆಂಟು ಹರಿಯುತ್ತಲೇ ಇದ್ದರೆ ಅದು ನೀರನ್ನು ಒಡೆಯತೊಡಗುತ್ತದೆ. ನೀರು ಒಡೆದರೆ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್. ಉರಿಯಲು ಬೇಕಾದ ಅನಿಲ, ಅದನ್ನು ಉರಿಸುವ ಅನಿಲ ಎರಡೂ ಸರಿಯಾದ ಪ್ರಮಾಣದಲ್ಲಿ ಒಂದೇ ಡಬ್ಬಿಯಲ್ಲಿ ಸಿದ್ಧವಾದಂತಾಯಿತು. 12 ವೋಲ್ಟ್ ಬ್ಯಾಟರಿಯಲ್ಲಿ 14.4 ವೋಲ್ಟಿನ ಸುಮಾರಿಗೆ ಈ ಗುಳ್ಳೆಗಳು ಜೋರಾಗುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ, ಶೇ 75ರವರೆಗೂ ಹೊತ್ತಿಕೊಳ್ಳುತ್ತದೆ. ಇಷ್ಟು ವಿಸ್ತಾರದ ಅಪಾಯ ಅಡುಗೆ ಅನಿಲಕ್ಕೂ ಇಲ್ಲ. ಹೈಡ್ರೋಜನ್ ಹೊತ್ತಲು ಬೇಕಾದ ಕಿಡಿಯೂ ಅತ್ಯಲ್ಪ: ನೈಲಾನ್ ಅಂಗಿ ಕಳಚುವಾಗ ಚಟಪಟ ಎನ್ನುತ್ತದಲ್ಲ, ಅಷ್ಟು ಸಾಕು.

ನಮ್ಮ ಬಿಸಿಲು ಮಾಡುವುದೇನು

ನಮ್ಮ ದೇಶದಲ್ಲಿ ಬ್ಯಾಟರಿಯ ಅಳತೆಗಳನ್ನು 27 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕುತ್ತಾರೆ. ಅಲ್ಲಿಂದ ಪ್ರತಿ 10 ಡಿಗ್ರಿ ಏರಿದಾಗ ಒಳಗಿನ ರಾಸಾಯನಿಕ ಕ್ರಿಯೆ ಹೆಚ್ಚುಕಡಿಮೆ ಇಮ್ಮಡಿ ವೇಗ ಪಡೆಯುತ್ತದೆ. ಬಿಸಿಯಾದ ಬ್ಯಾಟರಿ ಕಡಿಮೆ ವೋಲ್ಟಿಗೇ ಅನಿಲ ಬಿಡಲು ಶುರುಮಾಡುತ್ತದೆ. ಡಿಸೆಂಬರಿನಲ್ಲಿ ಹಿತವಾಗಿದ್ದ 14.4 ವೋಲ್ಟು ಮೇ ತಿಂಗಳಲ್ಲಿ ಅತಿಯಾಗುವುದು ಹೀಗೆ. ಇದರ ಜೊತೆ ನೀರು ಆವಿಯಾಗಿ ಹೋಗುವುದೂ ನಡೆದಿರುತ್ತದೆ.

ನೀರು ಇಳಿದ ಬ್ಯಾಟರಿಯೇ ಎಲ್ಲಕ್ಕಿಂತ ಅಪಾಯದ ಬ್ಯಾಟರಿ. ನೀರು ಇಳಿದಷ್ಟೂ ಅದರ ಮೇಲೆ ಅನಿಲ ನಿಲ್ಲುವ ಜಾಗ ದೊಡ್ಡದಾಗುತ್ತದೆ. ಮುಳುಗಿರಬೇಕಾದ ಪ್ಲೇಟುಗಳ ತಲೆ, ಅವನ್ನು ಜೋಡಿಸುವ ಸೀಸದ ಪಟ್ಟಿ ಬಯಲಿಗೆ ಬಂದು ತಿನ್ನಿಸಿಕೊಳ್ಳುತ್ತವೆ. ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ಸವೆದ ಪಟ್ಟಿ ಆ ಹೊರೆಗೆ ತುಂಡಾಗಿ ಒಳಗೇ ಕಿಡಿ ಹಾರುತ್ತದೆ. ಬಾನೆಟ್ ಮುಚ್ಚಿದ್ದಾಗ, ಯಾರೂ ಮುಟ್ಟದಿದ್ದಾಗ, ಬೆಳಿಗ್ಗೆ ಕೀಲಿ ತಿರುಗಿಸಿದ ಕ್ಷಣದಲ್ಲೇ ‘ಢಂ’ ಎನ್ನುವುದರ ಹಿಂದಿನ ಕಾರಣ ಬಹುಮಟ್ಟಿಗೆ ಇದು. ಹೊರಗಿನ ಕಿಡಿಗಳ ಪಟ್ಟಿ ಉದ್ದವಾಗಿದೆ: ಸಡಿಲ ಟರ್ಮಿನಲ್, ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದ ಪಾನಾ, ಚಾರ್ಜಿಂಗ್ ನಡೆಯುವಾಗಲೇ ಕಿತ್ತ ಕ್ಲಿಪ್ಪು, ನೀರಿನ ಮಟ್ಟ ನೋಡಲು ಗೀರಿದ ಕಡ್ಡಿ.

ಇನ್ನೊಂದು ಕಾರಣವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗ್ಯಾರೇಜಿನವರು ಡೈನಮೊ ಎನ್ನುವ ಆಲ್ಟರ್ನೇಟರ್‌ನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟರೆ ಬ್ಯಾಟರಿಗೆ 15, 16 ವೋಲ್ಟು ನುಗ್ಗುತ್ತದೆ. ಮೇಲಿಂದ ಮೇಲೆ ನೀರು ಕಡಿಮೆಯಾಗುತ್ತಿದ್ದರೆ, ಹೆಡ್‌ಲೈಟ್ ಬಲ್ಬು ಪದೇ ಪದೇ ಸುಡುತ್ತಿದ್ದರೆ ಬ್ಯಾಟರಿಯನ್ನು ಬಯ್ಯುವ ಮೊದಲು ಡೈನಮೊ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಹೊಸ ಬ್ಯಾಟರಿ ಕೂರಿಸಿದರೂ ಅದೇ ಗತಿಯಾಗುತ್ತದೆ.

ಬೇಸಿಗೆಗೆ ಮುನ್ನ ಒಂದು ತಪಾಸಣೆ

ಈ ಕೆಲಸಕ್ಕೆ ಬೆಳಗಿನ ತಂಪು ಹೊತ್ತು ಒಳ್ಳೆಯದು. ಗಾಡಿ ರಾತ್ರಿಯೆಲ್ಲ ನಿಂತಿರಬೇಕು, ಕೀಲಿ ತೆಗೆದಿರಬೇಕು. ಕೈಯಲ್ಲಿನ ಉಂಗುರ, ಕಡಗ, ಗಡಿಯಾರ, ಕೊರಳ ಚೈನು ಬಿಚ್ಚಿಡಿ. ಟರ್ಮಿನಲ್ ಮತ್ತು ಬಾಡಿಯ ನಡುವೆ ಚಿನ್ನದ ಉಂಗುರ ಸಿಕ್ಕಿಕೊಂಡರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾದು ಬೆರಳನ್ನು ಸುಡುತ್ತದೆ. 12 ವೋಲ್ಟು ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ರಬ್ಬರ್ ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಬದಿಗಳೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಹಾಕಲೇಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಈ ಒಂದು ವಸ್ತುವಿನ ಬಗ್ಗೆ ನಾನು ರಾಜಿಯಾಗಲಾರೆ. ಬ್ಯಾಟರಿ ಅಪಘಾತದಲ್ಲಿ ಮತ್ತೆ ಸರಿಪಡಿಸಲಾಗದ ನಷ್ಟ ಆಗುವುದು ಕಣ್ಣಿಗೆ.

ಮೊದಲು ಮುಟ್ಟದೆ ನೋಡಿ. ಡಬ್ಬಿ ಉಬ್ಬಿದೆಯೇ? ಬಿರುಕು ಬಿಟ್ಟಿದೆಯೇ? ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಬಾನೆಟ್ ತೆರೆದಿಟ್ಟು ದೂರ ಸರಿಯಿರಿ, ಅದನ್ನು ಚಾರ್ಜ್ ಮಾಡುವ ಯೋಚನೆ ಬಿಡಿ, ಬ್ಯಾಟರಿ ಕೆಲಸದವರನ್ನು ಕರೆಸಿ. ಎಲ್ಲ ಸರಿಯಿದ್ದರೆ ಮೇಲ್ಭಾಗವನ್ನು ಒದ್ದೆ ಹತ್ತಿಬಟ್ಟೆಯಿಂದ ಒರೆಸಿ. ಒಣ ಬಟ್ಟೆ ಬೇಡ, ಅದರಲ್ಲೂ ನೈಲಾನ್ ಬಟ್ಟೆ ಬೇಡವೇ ಬೇಡ. ನಮ್ಮ ಬೇಸಿಗೆಯ ಒಣಹವೆಯಲ್ಲಿ ಆ ಉಜ್ಜಾಟವೇ ಕಿಡಿ ಹುಟ್ಟಿಸುತ್ತದೆ. ಬೂಚುಗಳ ನೆತ್ತಿಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅನಿಲ ಹೊರಹೋಗುವ ದಾರಿ ಅವೇ. ಅವು ದೂಳು, ಗ್ರೀಸಿನಿಂದ ಮುಚ್ಚಿರಬಾರದು.

ನೀರಿನ ಮಟ್ಟವನ್ನು ಡಬ್ಬಿಯ ಬದಿಯಲ್ಲಿ ಬರೆದ ಮೇಲಿನ ಗೆರೆ, ಕೆಳಗಿನ ಗೆರೆಗಳ ನಡುವೆ ನೋಡಿ. ಬೆಳಕು ಬೇಕಿದ್ದರೆ ಟಾರ್ಚು. ಕಡ್ಡಿಪೆಟ್ಟಿಗೆ, ಲೈಟರ್ ಹತ್ತಿರ ತರಬೇಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಶಹಾಬಾದ್ ಕಲ್ಲಿನ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಇರುತ್ತದೆ, ಅದು ಪ್ಲೇಟುಗಳನ್ನು ಕೆಡಿಸುತ್ತದೆ. “ಸ್ವಲ್ಪ ಆ್ಯಸಿಡ್ ಹಾಕ್ರಿ, ಜೋರ್ ಆಗ್ತದ” ಎನ್ನುವವರ ಮಾತು ಕೇಳಬೇಡಿ. ಬ್ಯಾಟರಿಯಿಂದ ಹೋಗಿರುವುದು ನೀರು. ಆ್ಯಸಿಡ್ ಅಲ್ಲೇ ಉಳಿದು ಗಾಢವಾಗಿದೆ. ಅದಕ್ಕೆ ಮತ್ತಷ್ಟು ಆ್ಯಸಿಡ್ ಸುರಿದರೆ ಪ್ಲೇಟುಗಳು ಬೇಗ ತಿಂದುಹೋಗುತ್ತವೆ. ಚಾರ್ಜ್ ಇಳಿದ ಬ್ಯಾಟರಿಗೆ ಪ್ಲೇಟು ಮುಳುಗುವಷ್ಟು ಮಾತ್ರ ನೀರು ಹಾಕಿ, ಚಾರ್ಜ್ ಆದ ಮೇಲೆ ಮೇಲಿನ ಗೆರೆಯವರೆಗೆ ತುಂಬಿ. ಮೊದಲೇ ತುಂಬಿಸಿದರೆ ಉಕ್ಕಿ ಹೊರಚೆಲ್ಲುತ್ತದೆ.

‘ಮೇಂಟೆನೆನ್ಸ್ ಫ್ರೀ’ ಎಂದು ಬರೆದ ಬ್ಯಾಟರಿಯಿಂದಲೂ ಅನಿಲ ಬರುತ್ತದೆ. ನೀರು ಹಾಕುವ ಗೋಜಿಲ್ಲ ಎಂಬುದಷ್ಟೇ ಆ ಮಾತಿನ ಅರ್ಥ.

ಮಲ್ಟಿಮೀಟರ್ ಇದ್ದರೆ ಎರಡು ಅಳತೆ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟು ತೋರಿಸಿದರೆ ಬ್ಯಾಟರಿ ತುಂಬಿದೆ, 12.2ರ ಸುಮಾರಿಗಿದ್ದರೆ ಅರ್ಧ ಇಳಿದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ಎಂಜಿನ್ ಆರಿಸಿ, ನೇರ ಎಲೆಕ್ಟ್ರಿಷಿಯನ್ ಬಳಿ ಹೋಗಿ.

ರಸ್ತೆಯಲ್ಲಿ ಬ್ಯಾಟರಿ ಡೌನ್ ಆದಾಗ

ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ ಕಮಲಾಪುರ, ಮುಂದೆ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲಿ ಗಾಡಿ ನಿಂತರೆ ಸಹಾಯಕ್ಕೆ ಜನ ಬರುವುದಕ್ಕೆ ತಡವಿಲ್ಲ. ಕೆಂಪು ಬಾಳೆ ಹೇರಿದ ಪಿಕಪ್‌ನವರು, ಟ್ರ್ಯಾಕ್ಟರಿನವರು, ಲಾರಿಯವರು ನಿಲ್ಲಿಸಿ ಕೇಳುತ್ತಾರೆ. ಆ ಒಳ್ಳೆಯ ಮನಸ್ಸಿಗೆ ವಂದನೆ ಹೇಳುತ್ತಲೇ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ದೊಡ್ಡ ಲಾರಿ, ಬಸ್ಸುಗಳಲ್ಲಿ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟು ಮಾಡಿರುತ್ತಾರೆ. ಅದನ್ನು ಕಾರಿನ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಅದು ಕುದಿದು ಸಿಡಿಯಬಹುದು, ಗಾಡಿಯ ಕಂಪ್ಯೂಟರಂತೂ ಉಳಿಯುವುದಿಲ್ಲ. 12 ವೋಲ್ಟಿನ ಕಾರು, ಜೀಪು, ಪಿಕಪ್ಪಿನಿಂದ ಮಾತ್ರ ಜಂಪ್ ತೆಗೆದುಕೊಳ್ಳಿ.

ಕೇಬಲ್ ಹಚ್ಚುವ ಮೊದಲು ಸತ್ತ ಬ್ಯಾಟರಿಯ ನೀರು ನೋಡಿ. ಪ್ಲೇಟು ಬಯಲಾಗಿದ್ದರೆ ಜಂಪ್ ಮಾಡಲೇಬೇಡಿ. ಮಕ್ಕಳನ್ನು, ನೋಡಲು ನಿಂತವರನ್ನು ಹತ್ತು ಹೆಜ್ಜೆ ಹಿಂದೆ ಕಳಿಸಿ. ಎರಡೂ ಗಾಡಿ ಒಂದಕ್ಕೊಂದು ತಾಗಿರಬಾರದು, ಎರಡೂ ಆಫ್ ಆಗಿರಬೇಕು. ಆಮೇಲೆ ಈ ಕ್ರಮ:

1. ಕೆಂಪು ಕೇಬಲ್‌ನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ.
2. ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.
4. ಉಳಿದ ಕಪ್ಪು ತುದಿಯನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಹಚ್ಚಬೇಡಿ. ಆ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ದಪ್ಪ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ಆದಷ್ಟು ದೂರದಲ್ಲಿ ಕಚ್ಚಿಸಿ. ಗಾಡಿಯ ಪುಸ್ತಕದಲ್ಲಿ ಇದಕ್ಕೆಂದೇ ಜಾಗ ತೋರಿಸಿದ್ದರೆ ಅಲ್ಲಿಗೆ.
5. ಒಳ್ಳೆಯ ಗಾಡಿ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಡಿ, ನಂತರ ಸತ್ತ ಗಾಡಿಯ ಸೆಲ್ಫ್ ಹೊಡೆಯಿರಿ. ಆ ಹೊತ್ತಿನಲ್ಲಿ ಯಾರೂ ಬಾನೆಟ್ ಮೇಲೆ ಬಾಗಿರಬಾರದು.
6. ತೆಗೆಯುವಾಗ ಪೂರಾ ಉಲ್ಟಾ: ಎಂಜಿನ್ನಿಗೆ ಕಚ್ಚಿಸಿದ ಕಪ್ಪು ಮೊದಲು, ಸತ್ತಿದ್ದ ಬ್ಯಾಟರಿಯ ಕೆಂಪು ಕೊನೆಗೆ.

ನಾಲ್ಕನೆಯ ಹಂತವೇ ಇದರ ಜೀವಾಳ. ಸರ್ಕ್ಯೂಟು ಪೂರ್ತಿಯಾಗುವ ಕೊನೆಯ ಜೋಡಣೆಯಲ್ಲಿ ಕಿಡಿ ಬಂದೇ ಬರುತ್ತದೆ, ಎಷ್ಟೇ ಹುಷಾರಾಗಿ ಮಾಡಿದರೂ ಬರುತ್ತದೆ. ಆ ಕಿಡಿ ಬ್ಯಾಟರಿಯ ಬೂಚಿನ ಪಕ್ಕ ಹಾರಬೇಕೋ, ಎರಡು ಅಡಿ ಆಚೆ ಹಾರಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಕಣ್ಣಳತೆಯ ಅನುಭವದಿಂದ ಕಪ್ಪನ್ನು ಕಪ್ಪಿಗೇ ಹಚ್ಚಿ ವರ್ಷಗಟ್ಟಲೆ ಏನೂ ಆಗದೆ ಕೆಲಸ ಮಾಡಿದವರು ಗ್ಯಾರೇಜುಗಳಲ್ಲಿ ಬಹಳ ಜನ ಇದ್ದಾರೆ. ಆ ದಿನಗಳಲ್ಲಿ ಬೂಚಿನ ಬಳಿ ಅನಿಲ ನಿಂತಿರಲಿಲ್ಲ, ಅಷ್ಟೇ. ಅವರನ್ನೂ ಬೇಡಿಕೊಳ್ಳಿ: “ಅಣ್ಣಾ, ಇಂಜಿನ್ನಿಗೆ ಹಚ್ರಿ.” ಯಾರೂ ಬೇಜಾರಾಗುವುದಿಲ್ಲ.

ಮನೆಯಲ್ಲಿ ಚಾರ್ಜಿಂಗ್, ಇನ್ವರ್ಟರ್

ಕಾರಿಗಿಂತ ಹೆಚ್ಚು ಯೋಚಿಸಬೇಕಾದ ಬ್ಯಾಟರಿ ನಮ್ಮ ಮನೆಯೊಳಗೇ ಇದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವ ದಿನಗಳಲ್ಲಿ ಇನ್ವರ್ಟರ್ ಬ್ಯಾಟರಿ ದಿನವಿಡೀ ಇಳಿಯುತ್ತ ಏರುತ್ತ ಇರುತ್ತದೆ. ಜಾಗ ಉಳಿಸಲು ಅದನ್ನು ಮೆಟ್ಟಿಲಡಿಯ ಗೂಡಿನಲ್ಲೋ ಬಾಗಿಲಿರುವ ಕಪಾಟಿನಲ್ಲೋ ಇಡುವವರಿದ್ದಾರೆ, ದೇವರಮನೆಯ ಗೋಡೆಗೆ ಒತ್ತಿ ಇಡುವವರೂ ಇದ್ದಾರೆ.

ಒಂದು ಲೆಕ್ಕ ನೋಡಿ. ತುಂಬಿದ 12 ವೋಲ್ಟ್ ಬ್ಯಾಟರಿಗೆ ಮತ್ತೂ 1 ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಆರೂ ಕೋಶ ಸೇರಿ ಸುಮಾರು 2.5 ಲೀಟರ್ ಹೈಡ್ರೋಜನ್ ಬಿಡುತ್ತವೆ. 4 ಆಂಪಿಯರ್ ಹರಿದರೆ 10 ಲೀಟರ್. ದೊಡ್ಡ ಫ್ರಿಜ್ಜಿನಷ್ಟು, ಅಂದರೆ 250 ಲೀಟರ್ ಜಾಗದ ಮುಚ್ಚಿದ ಕಪಾಟಿನಲ್ಲಿ ಅದು ಶೇ 4 ಆಯಿತು. ಹೊತ್ತಿಕೊಳ್ಳುವ ಗಡಿ ಅದೇ. ಒಂದೇ ಗಂಟೆಯ ಮಾತು ಇದು. ಹೈಡ್ರೋಜನ್ ಗಾಳಿಗಿಂತ ತುಂಬ ಹಗುರ, ಮೇಲೇರಿ ಚಾವಣಿಯ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಬಣ್ಣ, ವಾಸನೆ ಯಾವುದೂ ಇಲ್ಲ. ಆದ್ದರಿಂದ ಬ್ಯಾಟರಿ ಇರುವ ಜಾಗಕ್ಕೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಬೇಕು, ಕೆಳಗೂ ಒಂದು ತೆರಪು ಇದ್ದರೆ ಗಾಳಿ ಹರಿಯುತ್ತದೆ. ಕಪಾಟಿನ ಬಾಗಿಲು ಕಿತ್ತುಬಿಡುವುದು ಅತಿ ಸುಲಭದ ಪರಿಹಾರ. ದೀಪ, ಊದುಬತ್ತಿ, ಗ್ಯಾಸ್ ಒಲೆ, ಸ್ವಿಚ್ ಬೋರ್ಡು ಅದರ ತಲೆಯ ಮೇಲೆ ಇರಬಾರದು. ಇನ್ವರ್ಟರ್ ಬ್ಯಾಟರಿಯ ಬೂಚಿನಲ್ಲಿ ಮೇಲೆ ಕೆಳಗೆ ಆಡುವ ಕೆಂಪು, ಹಸಿರು ಗುರುತಿನ ಕಡ್ಡಿ ಇರುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಅದರತ್ತ ಕಣ್ಣು ಹಾಯಿಸಿ.

ಕಾರು, ಟ್ರ್ಯಾಕ್ಟರ್ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕುವಾಗ ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು. ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೇ ಒಂದು ಪಾಲು ಕರೆಂಟು ಸಾಕು: 35 ಇದ್ದರೆ 3.5 ಆಂಪಿಯರ್. ‘ಬೇಗ ಆಗಲಿ’ ಎಂದು ಜೋರು ಕರೆಂಟು ಕೊಡಬೇಡಿ. ಮಲಗುವ ಕೋಣೆ ಬೇಡ, ಪಡಸಾಲೆ ಅಥವಾ ಅಂಗಳದ ನೆರಳು ಒಳ್ಳೆಯದು. ಬ್ಯಾಟರಿ ಮುಟ್ಟಲಾರದಷ್ಟು ಬಿಸಿಯಾಗಿ, ಬುಸುಗುಟ್ಟಿ, ಮೊಟ್ಟೆ ಕೊಳೆತ ವಾಸನೆ ಬಂದರೆ ಗಾಬರಿಯಲ್ಲಿ ಕ್ಲಿಪ್ಪು ಕೀಳಬೇಡಿ. ಆ ಕೋಣೆಯ ಫ್ಯಾನು, ಲೈಟುಗಳನ್ನೂ ಮುಟ್ಟದೆ ಹೊರಗಿನ ಮೇನ್ ಸ್ವಿಚ್ ಇಳಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ.

ಬಿಚ್ಚುವಾಗ, ಒಯ್ಯುವಾಗ

ಬಿಚ್ಚುವಾಗ ಮೈನಸ್ ಮೊದಲು, ಕೂರಿಸುವಾಗ ಮೈನಸ್ ಕೊನೆಗೆ. ಮೈನಸ್ ಬಿಚ್ಚಿದ್ದರೆ ಪ್ಲಸ್ ಸಡಿಲಿಸುವ ಪಾನಾ ಬಾಡಿಗೆ ತಾಗಿದರೂ ಕಿಡಿ ಏಳುವುದಿಲ್ಲ. ಪಾನಾದ ಹಿಡಿಕೆಗೆ ಟೇಪು ಸುತ್ತಿಕೊಳ್ಳಿ. ಬ್ಯಾಟರಿಯನ್ನು ಬೈಕಿನಲ್ಲಿ ತೊಡೆಯ ಮೇಲೆ ವಾಲಿಸಿಕೊಂಡು ಒಯ್ಯುವುದನ್ನು ನಿಲ್ಲಿಸಬೇಕು, ಅದು ನೆಟ್ಟಗೆ ನಿಂತೇ ಹೋಗಬೇಕು. ಗಾಡಿಯೊಳಗೂ ಅದರ ಪಟ್ಟಿ ಬಿಗಿಯಾಗಿರಲಿ. ಹಳ್ಳದ ರಸ್ತೆಯಲ್ಲಿ ಕುಣಿಯುವ ಬ್ಯಾಟರಿಯ ಟರ್ಮಿನಲ್ ಬಾನೆಟ್ಟಿಗೆ ತಾಗಬಹುದು. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವ ರೈತರು ಮೊದಲು ಬ್ಯಾಟರಿ ಇಳಿಸಿ ದೂರ ಇಡಿ.

ಸಿಡಿದೇಬಿಟ್ಟರೆ

ಕಣ್ಣಿಗೆ ಆ್ಯಸಿಡ್ ಬಿದ್ದರೆ ಪ್ರತಿ ಸೆಕೆಂಡಿಗೂ ಬೆಲೆಯಿದೆ. ಆಸ್ಪತ್ರೆ ಹುಡುಕುವ ಮುಂಚೆ ನೀರು. ಕುಡಿಯುವ ಬಾಟಲಿ, ಕೊಡ, ನಲ್ಲಿ, ಹೊಲದ ಪೈಪು, ಯಾವ ಶುದ್ಧ ನೀರು ಕೈಗೆ ಸಿಕ್ಕರೂ ಸರಿ. ರೆಪ್ಪೆಗಳನ್ನು ಬೆರಳಿನಿಂದ ತೆರೆದು ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ಕನಿಷ್ಠ 20 ನಿಮಿಷ ತೊಳೆಯಬೇಕು. ಆ ಕಣ್ಣಿನ ನೀರು ಇನ್ನೊಂದು ಕಣ್ಣಿಗೆ ಹೋಗಬಾರದು. ಉಜ್ಜಬೇಡಿ. ಸೋಡಾ, ಹಾಲು, ಎಣ್ಣೆ ಹಾಕಬೇಡಿ. ಮೈಮೇಲೆ ಬಿದ್ದಿದ್ದರೆ ನೀರು ಹುಯ್ಯುತ್ತಲೇ ಆ ಬಟ್ಟೆ ಕಳಚಿ. ಅರಿಸಿನ, ಪೇಸ್ಟು ಮೆತ್ತಬೇಡಿ. ತೊಳೆಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ನೋವು ಕಡಿಮೆಯಾದರೂ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು; ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ. ಹೋಗುವ ದಾರಿಯುದ್ದಕ್ಕೂ ಗಾಡಿಯಲ್ಲಿ ನೀರು ಹುಯ್ಯುತ್ತಲೇ ಇರಿ.

ಸಿಡಿದ ಬ್ಯಾಟರಿಯ ಉಳಿದ ಕೋಶಗಳಲ್ಲಿ ಅನಿಲ ಇನ್ನೂ ಇರಬಹುದು. ಸ್ವಲ್ಪ ಹೊತ್ತು ಹತ್ತಿರ ಹೋಗಬೇಡಿ, ಮತ್ತೆ ಸೆಲ್ಫ್ ಹೊಡೆದು ನೋಡಬೇಡಿ. ಆಮೇಲೆ ಚೆಲ್ಲಿದ ಆ್ಯಸಿಡ್ ಮೇಲೆ ಅಡುಗೆ ಸೋಡಾ ಕಲಸಿದ ನೀರು ಸುರಿಯಿರಿ. ನೊರೆ ಏಳುವುದು ನಿಂತರೆ ಆ್ಯಸಿಡ್ ಶಮನವಾಯಿತೆಂದು ತಿಳಿದು ಧಾರಾಳ ನೀರಿನಿಂದ ತೊಳೆಯಿರಿ.

ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಬಿಡಬೇಡಿ. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸ. ಅದು ಮಣ್ಣಿಗೆ, ಮಕ್ಕಳ ಕೈಗೆ, ಅಲ್ಲಿಂದ ಬಾಯಿಗೆ ಹೋದರೆ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಒಡೆದು ಸೀಸ ಕರಗಿಸುವವರಿಗೆ ಮಾರಿದರೂ ಅದೇ ವಿಷ ಇನ್ನೊಬ್ಬರ ಓಣಿಗೆ ಹೋಗುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟು, ಕಳೆದ ಮೊತ್ತವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.